ಸೇತುವೆ ಬಾಯಿಯ ಬೆಂಚು

ಬಿಷ್ಕೆಕ್
11 ಏಪ್ರಿಲ್ 2003

ಅಪ್ಪನಿಗೆ ಬುರುಲಳ ಸಲಾಂ. ಅಜ್ಜನಿಗೂ ಅವ್ವನಿಗೂ ಹೇಳಿ. ಅವ್ವನ ಮೊಣಕಾಲಿಗೆ ಬೇರೆಯಾಗಿ ಹೇಳಿ.

ಮೂರು ವರ್ಷ ಇನ್ನೊಬ್ಬರ ನಕ್ಷೆಯ ಗೆರೆ ತಿದ್ದಿದ್ದಾಯಿತು. ಈಗ ಕಚೇರಿಯವರು ನನಗೇ ಅಂತ ಒಂದು ಕೆಲಸ ಕೊಟ್ಟಿದ್ದಾರೆ. ಯಾವುದು ಗೊತ್ತೇ? ನಮ್ಮ ತೆರೆಕ್-ಸೂ ಸೇತುವೆ! ಹೌದು, ನೀವು ಕಟ್ಟಿದ್ದೇ. ಕಳೆದ ವರ್ಷದ ನೆರೆಯಲ್ಲಿ ಅದರ ಒಂದು ಕಾಲು ಜರುಗಿತಲ್ಲ, ಅದಕ್ಕೆ ಬದಲಾಗಿ ಹೊಸದು. ಸೆಪ್ಟೆಂಬರ್ ಮೂವತ್ತರೊಳಗೆ ತೀರ್ಮಾನದ ಕಾಗದಕ್ಕೆ ಮೊಹರು ಬೀಳಬೇಕು. ಬೀಳದಿದ್ದರೆ ಸೇತುವೆ ಇನ್ನೊಂದು ಕಣಿವೆಗೆ ಹೋಗುತ್ತದೆ, ನಾನು ಮತ್ತೆ ಗೆರೆ ತಿದ್ದಲು ಹೋಗುತ್ತೇನೆ.

ನಮ್ಮ ಮುಖ್ಯಸ್ಥರು ಗೆನ್ನಾದಿ ಎಫಿಮೊವಿಚ್. ನಲವತ್ತು ವರ್ಷ ಸೇತುವೆ ಬರೆದವರು. ನನ್ನನ್ನು ನಂಬುವುದಿಲ್ಲ, ತಮ್ಮನ್ನೂ ನಂಬುವುದಿಲ್ಲ, ನಂಬುವುದು ಕೋಷ್ಟಕವನ್ನು ಮಾತ್ರ. ಅದು ಹೀಗೆ: ಎಡಗಡೆ ಸಾಲಾಗಿ ಸೇತುವೆಯಿಂದ ನಮಗೆ ಏನೇನು ಬೇಕು ಎಂದು ಬರೆಯುವುದು. ಯಾವುದು ಎಷ್ಟು ಮುಖ್ಯವೋ ಅದಕ್ಕೆ ಅಷ್ಟು ತೂಕ, ಎಲ್ಲ ಸೇರಿ ನೂರು. ಮೇಲ್ಗಡೆ ಮೂರು ಸೇತುವೆಗಳು: ತಂತಿಯ ತೂಗುಸೇತುವೆ, ಮರದ ಸೇತುವೆ, ಹಳೇ ರೈಲು ಡಬ್ಬಿಯ ಕಬ್ಬಿಣದ ತಳ ತಂದು ಹಾಸುವುದು. ಪ್ರತಿಯೊಂದಕ್ಕೂ ಹತ್ತರ ಮೇಲೆ ಅಂಕ. ತೂಕದಿಂದ ಗುಣಿಸಿ, ಕೂಡಿಸಿ, ಹೆಚ್ಚು ಬಂದದ್ದನ್ನು ಕಟ್ಟುವುದು. "ಮನಸ್ಸಿಗೆ ಬಂದಂತೆ ಕಟ್ಟುವವನು ಕವಿ, ಕೋಷ್ಟಕ ಹೇಳಿದಂತೆ ಕಟ್ಟುವವನು ಎಂಜಿನಿಯರ್" ಎನ್ನುತ್ತಾರೆ. ನೀವು ಎರಡೂ ಅಲ್ಲದೆ ಕಟ್ಟಿದ್ದು ಇಪ್ಪತ್ತೆರಡು ವರ್ಷ ನಿಂತಿದೆ ಎಂದು ನಾನು ಅವರಿಗೆ ಹೇಳಿಲ್ಲ.

ನಿಮ್ಮಿಂದ ಎರಡು ಉಪಕಾರ ಆಗಬೇಕು. ಮೂರು ದಿನ ಸೇತುವೆ ಹತ್ತಿರ ಕೂತು ಯಾರು ಯಾರು ದಾಟುತ್ತಾರೆ ಎಣಿಸಿ. ಆಮೇಲೆ ಊರವರನ್ನು ಸೇರಿಸಿ ಆ ನೂರು ತೂಕ ಹಂಚಿ ಕಳಿಸಿ.

ನಿಮ್ಮ ಮಗಳು,
ಬುರುಲ್


ತೆರೆಕ್-ಸೂ
29 ಏಪ್ರಿಲ್ 2003

ಮಗಳು ಬುರುಲಳಿಗೆ,

ಸೇತುವೆ ಹತ್ತಿರ ಕೂರಲು ನೀನು ಹೇಳಬೇಕಾಗಿರಲಿಲ್ಲ. ನನ್ನ ಗಡ್ಡ ಪೂರ್ತಿ ಬೆಳ್ಳಗಾಯಿತೆಂದು ಈ ವಸಂತದಲ್ಲಿ ಹಿರಿಯರು ಒಪ್ಪಿದ್ದಾರೆ. ಸೇತುವೆ ಬಾಯಿಯ ಬೆಂಚಿನಲ್ಲಿ ನನಗೂ ಜಾಗ ಸಿಕ್ಕಿದೆ. ತುದಿ ಮೂಲೆ. ಅರ್ಧ ನಾನು ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಆದರೂ ಅರವತ್ತೊಂದು ವರ್ಷ ಕಾದದ್ದು ಸಾರ್ಥಕ.

ಲೆಕ್ಕ: ಮೂರು ದಿನದಲ್ಲಿ ಇನ್ನೂರ ಹನ್ನೆರಡು ಗಂಡಸರು, ಸಾವಿರದ ಒಂಬೈನೂರು ಕುರಿ, ನಲವತ್ತು ಕುದುರೆ, ಮೂವರು ಹೆಂಗಸರು. ಆ ಮೂವರಲ್ಲಿ ಇಬ್ಬರು ಒಬ್ಬಳೇ: ಪೇಟೆಯಿಂದ ಬಂದ ನರ್ಸ್, ಹೋಗುವಾಗೊಮ್ಮೆ ಬರುವಾಗೊಮ್ಮೆ. ಗಂಡಸರ ಲೆಕ್ಕಕ್ಕೆ ಒಣಮೊಸರಿನ ಉಂಡೆ ಜೋಡಿಸಿಟ್ಟಿದ್ದೆ, ಅದರಲ್ಲಿ ಕೆಲವನ್ನು ನಿಮ್ಮಜ್ಜ ತಿಂದರು. ಹಾಗಾಗಿ ಐದಾರು ಜನ ಹೆಚ್ಚಿಗೆ ಹಾಕಿಕೋ.

ಸಭೆಯೂ ಆಯಿತು. ಸಭೆ ಎಂದ ಮೇಲೆ ಕುರಿ ಬೀಳಬೇಕು, ಬಿತ್ತು. ನಿನ್ನ ನೂರು ತೂಕವನ್ನು ಹೇಗೆ ಹಂಚುವುದೆಂದು ಮೊದಲು ಗೊಂದಲವಾಯಿತು. ಆಮೇಲೆ ಎದುರಿಗೆ ತಟ್ಟೆ ಬಂದಾಗ ದಾರಿ ಹೊಳೆಯಿತು. ಕುರಿಯನ್ನು ಹೇಗೆ ಹಂಚುತ್ತೇವೋ ಹಾಗೆ, ವಯಸ್ಸಿನ ಪ್ರಕಾರ. ನಿಮ್ಮಜ್ಜ ತೆಮಿರ್, ಎಂಬತ್ತೆಂಟು, "ಕೂರೋಕೆ ಜಾಗ ಇರ್ಬೇಕು" ಅಂದರು: ಮೂವತ್ತು. ಮಾಂಬೆತ್, ಎಂಬತ್ತಮೂರು, "ಕುದುರೆ ಬೆದರಬಾರ್ದು" ಅಂದ: ಇಪ್ಪತ್ತೆರಡು. ಅವನ ಪಕ್ಕದವನು "ಪಕ್ಕದ ಊರವ್ರಿಗೆ ಹೊಟ್ಟೆ ಉರೀಬೇಕು" ಅಂದ: ಹದಿನೆಂಟು. ಊರಿನ ಸಾಮಾನಿನಲ್ಲೇ ರಿಪೇರಿ ಆಗುವಂತಿರಬೇಕು ಎಂದು ನಾನು: ಹನ್ನೆರಡು. ಇನ್ನು ಮೂವರಿಗೆ ಐದೈದು. ಎಲ್ಲರಿಗಿಂತ ಚಿಕ್ಕವನು ದನದ ಡಾಕ್ಟರ್ ಎರ್ಕಿನ್, ಮೂವತ್ತನಾಲ್ಕು, "ನೆರೆ ಬಂದ್ರೆ ಕೊಚ್ಕೊಂಡು ಹೋಗಬಾರ್ದು" ಅಂದ. ಉಳಿದ ಮೂರು ಅವನಿಗೆ.

ಅಂಕ ಕೊಡುವಾಗ ತೊಂದರೆಯೇ ಆಗಲಿಲ್ಲ. ಮೂರು ಸೇತುವೆಗಳೂ ನೀನು ಕಳಿಸಿದ ಅತಿಥಿಗಳು. ಅತಿಥಿಗಳಲ್ಲಿ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಬಡಿಸುವ ಊರೇ ನಮ್ಮದು? ಎಲ್ಲಕ್ಕೂ ಹತ್ತಕ್ಕೆ ಹತ್ತು.

ನಿಮ್ಮವ್ವನ ಮೊಣಕಾಲು ಮತ್ತೆ ಊದಿದೆ. ಆಚೆ ದಡದ ಹುಲ್ಲುಗಾವಲಿಗೆ ಹೋಗಲು ಮೂರು ಕಿಲೋಮೀಟರ್ ಮೇಲೆ ನಡೆದು, ತಣ್ಣೀರಿಗಿಳಿದು, ಹೊಳೆ ಆಳವಿಲ್ಲದ ಹಾಯ್ಗಡದಲ್ಲಿ ದಾಟುತ್ತಾಳೆ. ಗಂಡ ಸೇತುವೆ ಕಟ್ಟಿದ್ದಾನೆ, ಹೆಂಡತಿ ಹೊಳೆಯಲ್ಲಿ ಹೋಗುತ್ತಾಳೆ! ಕೇಳಿದರೆ "ನಡೆದ್ರೆ ಒಳ್ಳೇದು" ಅನ್ನುತ್ತಾಳೆ. ಊರಿನ ಹೆಂಗಸರೆಲ್ಲ ಅಷ್ಟೇ. ನಡಿಗೆಯ ಹುಚ್ಚು.

ಮೂವರೂ ಗೆದ್ದರು, ಸೋತವರಿಲ್ಲ, ಕುರಿಯೊಂದೇ ಹೋಯಿತು;
ನಿನ್ನ ನೂರು ಹಂಚಿ ಮುಗಿಸುವಷ್ಟರಲ್ಲಿ ಸಾರು ಆರಿಹೋಯಿತು.

ಇಂತಿ ನಿನ್ನ ತಂದೆ,
ರಿಸ್ಕುಲ್ ಬಡಗಿ


ಬಿಷ್ಕೆಕ್
20 ಮೇ 2003

ಅಪ್ಪಾ,

ನಿಮ್ಮ ಕಾಗದವನ್ನು ಗೆನ್ನಾದಿ ಎಫಿಮೊವಿಚ್‌ಗೆ ಓದಿ ಹೇಳಿದೆ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ನೆರೆಗೆ ಮೂರು, ಬೆಂಚಿಗೆ ಮೂವತ್ತು" ಎಂದು ಎರಡು ಸಲ ಹೇಳಿಕೊಂಡು ಚಹಾ ಕುಡಿಯಲು ಎದ್ದುಹೋದರು. ಚಹಾ ಅವರ ಮೇಜಿನ ಮೇಲೇ ಇತ್ತು.

ಮೂರಕ್ಕೂ ಸಾವಿರಕ್ಕೆ ಸಾವಿರ ಬಂದರೆ ನಾನು ಯಾವುದನ್ನು ಕಟ್ಟಲಿ? ಹೊಳೆಯ ಮೇಲೆ ಒಂದರ ಮೇಲೊಂದು ಪೇರಿಸಲೇ?

ಆದ್ದರಿಂದ ತೂಕ ನಾವೇ ಹಾಕಿದ್ದೇವೆ. ನೆರೆಗೆ ಇಪ್ಪತ್ತೈದು. ಅಜ್ಜನ ಮುಖ ನೋಡಿ ಕೂರುವ ಜಾಗಕ್ಕೆ ಹತ್ತು ಉಳಿಸಿದ್ದೇನೆ. ಪಕ್ಕದ ಊರವರ ಹೊಟ್ಟೆಗೆ ಏನೂ ಇಲ್ಲ. ಅಂಕ ಮಾತ್ರ ಊರವರೇ ಕೊಡಬೇಕು, ಸಭೆಯಲ್ಲಿ ಅಲ್ಲ, ಅವರವರ ಮನೆಯಲ್ಲಿ. ಮಂಗಳವಾರದ ಬಸ್ಸಿನಲ್ಲಿ ಎಂಬತ್ತೆರಡು ನಮೂನೆ ಕಳಿಸುತ್ತಿದ್ದೇನೆ, ನಲವತ್ತೊಂದು ಮನೆಗೆ ಎರಡೆರಡು. ಮೊದಲ ಚೌಕದಲ್ಲಿ ಮನೆಯ ಹಿರಿಯನ ಹೆಸರು ಬರೆಯಬೇಕು. ಆಮೇಲೆ ಅಂಕ. ಕೊನೆಗೆ, ಬೇರೇನಾದರೂ ಹೇಳುವುದಿದ್ದರೆ ಎರಡು ಸಾಲು. ಒಂದು ಚೌಕ ಖಾಲಿ ಬಿಟ್ಟರೂ ನಮೂನೆ ಅಪೂರ್ಣ, ಎಣಿಕೆಗೆ ಬರುವುದಿಲ್ಲ. ಇದು ನನ್ನ ನಿಯಮವಲ್ಲ, ಕಚೇರಿಯದು.

ದಯವಿಟ್ಟು ಕುರಿ ಕೊಯ್ಯಬೇಡಿ.

ಬುರುಲ್


ತೆರೆಕ್-ಸೂ
25 ಜೂನ್ 2003

ಮಗಳೇ,

ನಮೂನೆಗಳೆಲ್ಲ ಈ ಬಸ್ಸಿಗೆ ಹಾಕಿದ್ದೇನೆ. ಹೊಲಿದ ಚೀಲ, ನಾನು ಬಿಚ್ಚಿ ನೋಡಿಲ್ಲ. ನ್ಯಾಯ ಎಂದರೆ ನ್ಯಾಯ.

ಮೂರರಲ್ಲಿ ಯಾವುದು ಬಂದರೂ ನನಗೆ ಒಂದೇ. ಪಕ್ಷಪಾತ ಎನ್ನುವುದು ನನ್ನ ಸ್ವಭಾವದಲ್ಲೇ ಇಲ್ಲ. ಸುಮ್ಮನೆ ತಿಳಿದಿರಲಿ ಎಂದು ಬರೆಯುತ್ತೇನೆ: ಹಿತ್ತಿಲಿನಲ್ಲಿ ಆರು ಸ್ಪ್ರೂಸ್ ದಿಮ್ಮಿಗಳನ್ನು ನೆರಳಲ್ಲಿ ಒಣಗಲು ಇಟ್ಟು ಒಂಬತ್ತು ವರ್ಷವಾಯಿತು. ಒಂದೊಂದೂ ಹದಿನಾಲ್ಕು ಮೀಟರ್. ಗಂಟಿಲ್ಲ, ಬಿರುಕಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆ ಬಾರಿಸಿದಂತೆ ಕೇಳುತ್ತದೆ. ದಿನಾ ಬೆಳಿಗ್ಗೆ ತಟ್ಟುತ್ತೇನೆ, ಯಾವ ಉದ್ದೇಶವೂ ಇಲ್ಲ. ನಮ್ಮ ಸೇತುವೆ ಇರುವಲ್ಲಿ ಹೊಳೆ ಹನ್ನೊಂದು ಮೀಟರ್. ಅದೂ ಕಾಕತಾಳೀಯ.

ಕಬ್ಬಿಣ ತುಕ್ಕು ಹಿಡಿದೀತು, ತಂತಿ ತೂಗಾಡೀತು;
ಮರದ ಮಾತು ನಾನೆತ್ತಲ್ಲ, ಮರವೇ ಮಾತಾಡೀತು.

ರಿಸ್ಕುಲ್ ಬಡಗಿ


ಬಿಷ್ಕೆಕ್
8 ಆಗಸ್ಟ್ 2003

ಅಪ್ಪಾ,

ಕೂಡಿಸಿ ಮುಗಿಯಿತು. ತೂಗುಸೇತುವೆ 712. ಮರದ್ದು 709. ರೈಲು ಡಬ್ಬಿ 655.

ಮೂರೇ ಮೂರು ಅಂಕ. ನಿಮ್ಮಲ್ಲಿ ಒಂದು ತಪ್ಪೊಪ್ಪಿಗೆ. ನಿನ್ನೆ "ಊರಿನ ಸಾಮಾನಿನಲ್ಲಿ ರಿಪೇರಿ" ಎಂಬುದರ ತೂಕವನ್ನು ಹನ್ನೆರಡರಿಂದ ಹದಿಮೂರು ಮಾಡಿ, "ನೋಡಲು ಚೆಂದ" ಎಂಬುದರ ತೂಕದಲ್ಲಿ ಒಂದು ಕಳೆದೆ. ಮರ ಗೆದ್ದಿತು. ಐದು ನಿಮಿಷ ನನ್ನ ಕಿವಿಯಲ್ಲಿ ನಿಮ್ಮ ದಿಮ್ಮಿಯ ಗಂಟೆ ಬಾರಿಸುತ್ತಿತ್ತು. ಆಮೇಲೆ ನಾಚಿಕೆಯಾಗಿ ಅಳಿಸಿಬಿಟ್ಟೆ. ಗೆನ್ನಾದಿ ಎಫಿಮೊವಿಚ್ ಬಂದು ಮೇಜಿನ ಮೇಲಿದ್ದ ರಬ್ಬರಿನ ಪುಡಿ ನೋಡಿದರು. "ಯಾವ ಕಡೆಗೆ ಎಳೆದೆ?" ಎಂದು ಕೇಳಿದರು. "ಮರದ ಕಡೆ, ಆದರೆ ವಾಪಸ್ ಬಿಟ್ಟೆ" ಅಂದೆ. "ನಾನು ನಿನ್ನ ವಯಸ್ಸಿನಲ್ಲಿ ವಾಪಸ್ ಬಿಡುತ್ತಿರಲಿಲ್ಲ" ಅಂದು ಪುಡಿಯನ್ನು ಊದಿ ಹೋದರು.

ಇನ್ನೊಂದು ವಿಷಯ. ಎಂಬತ್ತೆರಡರಲ್ಲಿ ಮೂವತ್ತೆಂಟು ನಮೂನೆ ಅಪೂರ್ಣ, ಮೊದಲ ಚೌಕವೇ ಖಾಲಿ. ಎರಡನೆಯ ನಮೂನೆ ತುಂಬುವಷ್ಟರಲ್ಲಿ ಮನೆಯವರಿಗೆ ಬೇಸರ ಬಂದಿರಬೇಕು. ನಿಯಮದಂತೆ ಓದದೆ ಕಟ್ಟಿ ಕಪಾಟಿಗೆ ಹಾಕಿದ್ದೇವೆ.

ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ಎದುರು ಬದುರು ದಾಟುವಷ್ಟು ಸೇತುವೆಯನ್ನು ಅಗಲ ಮಾಡಿಲ್ಲ. ಮೂರು ದಿನಕ್ಕೆ ಮೂವರು ಹೆಂಗಸರು ಎಂದರೆ ನೀವು ಹೇಳಿದಂತೆ ಅವರಿಗೆ ಸೇತುವೆಗಿಂತ ನಡಿಗೆಯೇ ಇಷ್ಟ ಎಂದಾಯಿತು. ಆದರೆ ಅಜ್ಜನಿಗೆ ಸಂತೋಷವಾಗುವಂತೆ ನಕ್ಷೆಯಲ್ಲಿ ಎರಡು ಬೆಂಚು ಹಾಕಿದ್ದೇನೆ, ಈ ಬಾಯಿಗೊಂದು, ಆ ಬಾಯಿಗೊಂದು. ನಕ್ಷೆ ಇದರ ಜೊತೆಗಿದೆ. ಅವ್ವನಿಗೂ ತೋರಿಸಿ.

ಬುರುಲ್


ತೆರೆಕ್-ಸೂ
19 ಆಗಸ್ಟ್ 2003

ಬುರುಲ್,

ಇದು ನಿನ್ನ ಅವ್ವ ಸೋನುನ್. ನಾನು ಕಾಗದ ಬರೆಯುವವಳಲ್ಲ. ನಿನ್ನ ಎರಡು ಬೆಂಚು ನೋಡಿದ ಮೇಲೆ ಹಿಟ್ಟು ನಾದುವುದನ್ನು ಬಿಟ್ಟು ಕೂತಿದ್ದೇನೆ. ಕಾಗದಕ್ಕೆ ಹಿಟ್ಟು ಹತ್ತಿದ್ದರೆ ಒರೆಸಿಕೋ.

ಎಂಜಿನಿಯರೇ, ಒಂದು ಕೇಳುತ್ತೇನೆ. ಆ ಬೆಂಚಿನ ಮುಂದೆ ಹಾದುಹೋಗದೆ ಸೇತುವೆ ಹತ್ತೋಕಾಗುತ್ತಾ? ಆಗಲ್ಲ. ಅದರ ಮೇಲೆ ಯಾರು ಕೂರುತ್ತಾರೆ? ನನ್ನ ಮಾವ, ಅವರ ವಾರಿಗೆಯವರು. ಹಿರಿಯರ ಮುಂದೆ ಸೊಸೆ ಅಡ್ಡ ಹಾಯುವುದುಂಟೇ? ಅವರು ಹಾಲು ಕರೆಯೋ ಹೊತ್ತಿಗೆ ಬಂದು ಕೂತರೆ ದೀಪ ಹಚ್ಚೋ ಹೊತ್ತಿಗೆ ಏಳುತ್ತಾರೆ. ನಿಮ್ಮಪ್ಪ ಸೇತುವೆ ಕಟ್ಟಿದ ವಾರವೇ ಹಿರಿಯರು ಬೆಂಚು ಹಾಕಿಸಿಕೊಂಡರು. ಅವತ್ತಿನಿಂದ ಇವತ್ತಿನವರೆಗೆ ಆ ಸೇತುವೆ ಮೇಲೆ ನಾನು ಕಾಲಿಟ್ಟಿಲ್ಲ. ಈ ಊರಿಗೆ ಮದುವೆಯಾಗಿ ಬಂದವಳು ಒಬ್ಬಳೂ ಇಟ್ಟಿಲ್ಲ.

ನಿನಗೆ ಗೊತ್ತಿಲ್ಲ, ಯಾಕಂದ್ರೆ ನೀನು ಈ ಮನೆಯ ಮಗಳು. ಅವರ ಮುಂದೆಯೇ ದಡದಡ ಓಡುತ್ತಿದ್ದೆ, ಕರೆದು ಸಕ್ಕರೆ ತುಂಡು ಕೊಡುತ್ತಿದ್ದರು. ಸೊಸೆಯಂದಿರಿಗೆ ಯಾರು ಸಕ್ಕರೆ ಕೊಡುತ್ತಾರೆ?

ಹಾಗಾಗಿ ಮೂರು ಕಿಲೋಮೀಟರ್ ಸುತ್ತು, ಮೊಣಕಾಲುದ್ದ ಹಿಮದ ನೀರು. ಹುಲ್ಲಿಗೂ ಅದೇ, ಆಸ್ಪತ್ರೆಗೂ ಅದೇ. ನಿಮ್ಮಪ್ಪನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ಸೇತುವೆ ಮುಗಿದ ದಿನ ಅವರ ಮುಖ ನೀನು ನೋಡಿಲ್ಲ, ನಾನು ನೋಡಿದ್ದೇನೆ.

ಇನ್ನು ನಿನ್ನ ಖಾಲಿ ಚೌಕ. ಬೇಸರ ಬಂತಂತೆ! ಮನೆಯ ಹಿರಿಯನ ಹೆಸರು ಬರೆ ಅಂದರೆ ಸೊಸೆ ಹೇಗೆ ಬರೆಯುತ್ತಾಳೆ? ಮಾವನ ಹೆಸರು ಮೂವತ್ತೊಂದು ವರ್ಷದಲ್ಲಿ ನನ್ನ ಬಾಯಲ್ಲಿ ಬಂದಿಲ್ಲ. ಅವರ ಹೆಸರಿಗೆ ಅರ್ಥ ಯಾವ ಲೋಹವೋ ಆ ಲೋಹವನ್ನೇ ನಾನು "ಕರಿಗಟ್ಟಿ" ಅನ್ನುತ್ತೇನೆ. ಕರಿಗಟ್ಟಿ ಮೊಳೆ, ಕರಿಗಟ್ಟಿ ಬಾಣಲೆ. ನಿನ್ನ ಕಚೇರಿಗಾಗಿ ಬರೆಯುತ್ತೇನೆಯೇ? ಆ ಮೂವತ್ತೆಂಟೂ ನಮ್ಮವು. ಕೊನೆಯ ಎರಡು ಸಾಲು ಓದು.

ಎರಡು ಬೆಂಚಂತೆ. ಒಂದು ಸಾಲದೇ ಹೋಯಿತೇನೇ?

ಅವ್ವ


ಬಿಷ್ಕೆಕ್
2 ಸೆಪ್ಟೆಂಬರ್ 2003

ಅಪ್ಪಾ,

ಅವ್ವ ಬರೆದ ಕಾಗದ ಇದರ ಜೊತೆಗಿದೆ. ಮೊದಲು ಅದನ್ನು ಓದಿ. ಓದಿದ ಮೇಲೆ ಒಂದು ಲೋಟ ನೀರು ಕುಡಿದು ಇದನ್ನು ಓದಿ.

ಆ ಮೂವತ್ತೆಂಟನ್ನು ಕಪಾಟಿನಿಂದ ತೆಗೆದೆ. ಒಂದರಲ್ಲಿ: "ಬೆಂಚು ಎದ್ದರೆ ಸಾಕು, ಸೇತುವೆ ಹಳೇದೇ ಇರಲಿ." ಇನ್ನೊಂದರಲ್ಲಿ: "ಹೆರಿಗೆಗೆ ಹೋಗುವಾಗಲೂ ಹೊಳೆಯಲ್ಲೇ ಹೋದೆ." ಮತ್ತೊಂದರಲ್ಲಿ: "ಅವರು ಮಧ್ಯಾಹ್ನ ಊಟಕ್ಕಾದರೂ ಮನೆಗೆ ಹೋಗಬಾರದೇ?" ಗೆನ್ನಾದಿ ಎಫಿಮೊವಿಚ್‌ಗೆ ಒಂದೊಂದಾಗಿ ಓದಿದೆ. ಕೊನೆಗೆ ಅವರು "ಮೂರು ಒಳ್ಳೆಯ ಸೇತುವೆ ಬರೆದಿದ್ದೇವೆ, ಅರ್ಧ ಊರಿಗೆ ಮೂರರಲ್ಲೂ ದಾರಿಯಿಲ್ಲ" ಅಂದರು. ಎಣಿಸಿದ್ದು ಸೇತುವೆ ದಾಟಿದವರನ್ನು. ದಾಟದವರನ್ನು ಯಾರೂ ಎಣಿಸಲಿಲ್ಲ. ಎಣಿಸಲು ನಾನು ಕೂರಿಸಿದ್ದು ನಿಮ್ಮನ್ನು, ನೀವು ಕೂತದ್ದು ಬೆಂಚಿನ ಮೇಲೆ.

ಈಗ ಕೋಷ್ಟಕದಲ್ಲಿ ಹೊಸ ಸಾಲು: "ಸೊಸೆಯಂದಿರು ದಾಟಬಹುದೇ?" ತೂಕ ಇಪ್ಪತ್ತು. ಬೆಂಚು ಅಲ್ಲೇ ಇದ್ದರೆ ಮೂರಕ್ಕೂ ಸೊನ್ನೆ. ಆಗ ಸೇತುವೆಯನ್ನೇ ಮುನ್ನೂರು ಹೆಜ್ಜೆ ಕೆಳಗೆ ಕಟ್ಟಬೇಕು. ಅಲ್ಲಿ ಹೊಳೆ ಹತ್ತೊಂಬತ್ತು ಮೀಟರ್. ನಿಮ್ಮ ದಿಮ್ಮಿ ಹದಿನಾಲ್ಕು. ಮರದ ಸೇತುವೆ ಕೈಬಿಟ್ಟುಹೋಗುತ್ತದೆ, ತಂತಿಯೇ ಗತಿ.

ಬೆಂಚು ಹೋದರೆ ಜಾಗ ಹಳೆಯದೇ. ಮೂವತ್ತೆಂಟು ನಮೂನೆ ಸೇರಿಸಿ ಕೂಡಿಸಿದರೆ ಮರವೇ ಮುಂದೆ: ತೂಗಾಡುವ ಸೇತುವೆಯನ್ನು ಹೆಂಗಸರು ಯಾರೂ ಒಪ್ಪಿಲ್ಲ. ಈ ಸಲ ನಾನು ರಬ್ಬರು ಮುಟ್ಟಿಲ್ಲ.

ಬೆಂಚೋ ದಿಮ್ಮಿಯೋ ಎನ್ನುವುದಕ್ಕೆ ನನ್ನಲ್ಲಿ ಕೋಷ್ಟಕವಿಲ್ಲ. ಗಡ್ಡ ಬೆಳ್ಳಗಾಗಲು ನೀವು ಎಷ್ಟು ಕಾದಿರಿ ಎಂದು ಗೊತ್ತು. ಮೂವತ್ತನೇ ತಾರೀಖಿನೊಳಗೆ ತಿಳಿಸಿ.

ಬುರುಲ್


ತೆರೆಕ್-ಸೂ
16 ಸೆಪ್ಟೆಂಬರ್ 2003

ಮಗಳೇ,

ನೀರು ಕುಡಿದೆ. ಒಂದು ಲೋಟ ಸಾಲಲಿಲ್ಲ.

ನಾಲ್ಕು ದಿನ ಬೆಂಚಿಗೆ ಹೋಗಲಿಲ್ಲ. ಹಾಯ್ಗಡದವರೆಗೆ ನಡೆದು ನೋಡಿದೆ. ನೀರಿಗೂ ಇಳಿದೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಐದನೆಯ ದಿನ ಹಾರೆ ಹಿಡಿದು ಸೇತುವೆ ಬಾಯಿಗೆ ಹೋದೆ. ಹಿರಿಯರೆಲ್ಲ ಕೂತಿದ್ದರು, ನನ್ನ ಮೂಲೆ ಮಾತ್ರ ಖಾಲಿ.

"ಏನೋ, ಹಾರೆ ತಂದಿದೀಯ? ನಮ್ಮನ್ನ ಈಗ್ಲೇ ಹೂಳ್ತೀಯೇನೋ?" ಅಂದರು ನಿಮ್ಮಜ್ಜ.

"ಇಲ್ಲಪ್ಪ, ಬೆಂಚು ಕೀಳ್ಬೇಕು."

"ಹನ್ನೊಂದು ವರ್ಷ ಕಾದು ಈ ಜಾಗ ಹಿಡ್ದಿದೀನಿ," ಅಂದ ಮಾಂಬೆತ್. "ಕೀಳೋದಾದ್ರೆ ನನ್ನೂ ಸೇರ್ಸಿ ಕೀಳು."

ಕಾರಣ ಹೇಳಿದೆ. ಹೇಳುವಾಗ ಹೊಳೆಯನ್ನೇ ನೋಡುತ್ತಿದ್ದೆ. ಎಲ್ಲರೂ ಹೊಳೆಯನ್ನೇ ನೋಡಿದರು. ಅಷ್ಟು ಜನ ಅಷ್ಟು ಹೊತ್ತು ನೋಡಿದ್ದಕ್ಕೆ ಅದಕ್ಕೂ ಮುಜುಗರವಾಗಿರಬೇಕು.

ನಿಮ್ಮಜ್ಜ ಕೇಳಿದರು: "ಇಪ್ಪತ್ತೆರಡು ವರ್ಷದಿಂದ ಒಬ್ಬಳಾದ್ರೂ ಬಂದು ಹೇಳಬಾರ್ದಾಗಿತ್ತೇನೋ?"

"ನಿಮ್ಮ ಮುಂದೆ ಬರೋ ಹಾಗಿಲ್ವಲ್ಲಪ್ಪ. ಬಂದು ಹೇಳೋದು ಹೆಂಗೆ?"

ಅವರು ಗಡ್ಡ ಸವರಿಕೊಂಡರು. "ನಾನು ಅವ್ರಿಗೆ ಹಾಯ್ಗಡದಲ್ಲಿ ಹರಟೆ ಇಷ್ಟ ಅನ್ಕೊಂಡಿದ್ದೆ" ಅಂದರು. ಆಮೇಲೆ, "ಕೀಳೋದು ಯಾಕೆ? ತಿರುಗ್ಸು. ಬೆನ್ನಿನ ಹಿಂದೆ ಹೋದ್ರೆ ಅಡ್ಡ ಹಾಯ್ದಂಗಾಗಲ್ಲ. ನಂಗೂ ಬೆಟ್ಟ ನೋಡ್ದಂಗಾಯ್ತು. ಈ ಕಡೆ ನೋಡೀ ನೋಡೀ ಮಾಂಬೆತನ ಕುರಿಗಳ ಮುಖ ಎಲ್ಲಾ ಪರಿಚಯ ಆಗೋಗಿದೆ."

ಬುರುಲ್, ನೀನು ಬಿಷ್ಕೆಕ್ಕಿನಲ್ಲಿ ಓದಿದವಳು, ನಾನು ಬಡಗಿ, ನಿನ್ನ ಗೆನ್ನಾದಿಗೆ ನಲವತ್ತು ವರ್ಷದ ಅನುಭವ. ಬೆಂಚು ಇರಲಿ, ಬೆಂಚು ಹೋಗಲಿ, ಎರಡೇ ದಾರಿ ಅಂದುಕೊಂಡೆವು.

ತಿರುಗಿಸಿದೆವು. ತಿರುಗಿಸಿದಾಗ ಒಂದು ತುದಿ ಪೋಪ್ಲಾರ್ ಮರಕ್ಕೆ ಬಡಿಯಿತು. ಒಬ್ಬರು ಕೂರುವಷ್ಟು ಉದ್ದವನ್ನು ಕೊಯ್ಯಲೇಬೇಕಾಯಿತು. ಯಾರ ಮೂಲೆ ಎಂದು ಕೇಳಬೇಡ. ಗರಗಸ ನನ್ನ ಕೈಯಲ್ಲೇ ಇತ್ತು.

ಹೊಸ ಕೋಷ್ಟಕ ಕಳಿಸು. ದಿಮ್ಮಿಗಳಿಗೆ ಬೆಳಿಗ್ಗೆ ವಿಷಯ ತಿಳಿಸಿದ್ದೇನೆ.

ಪ್ರಾಸ ಕೂಡಿಬರಲಿಲ್ಲ. ಇರಲಿ.

ನಿನ್ನ ತಂದೆ


ತಂತಿ
ಬಿಷ್ಕೆಕ್, 29 ಸೆಪ್ಟೆಂಬರ್ 2003

ಮರ 791 ತೂಗು 684 ಡಬ್ಬಿ 702 ಮೊಹರು ಬಿತ್ತು ಮುಖ್ಯಸ್ಥರು ಅಜ್ಜನಿಗೆ ಕೆಲಸ ಬೇಕೇ ಕೇಳುತ್ತಾರೆ ಬುರುಲ್


ತೆರೆಕ್-ಸೂ
14 ನವೆಂಬರ್ 2003

ಬುರುಲ್,

ಸೇತುವೆ ಮುಗಿಯಿತು. ನಿಮ್ಮಪ್ಪ ಬೆರಳಿಗೆ ಸುತ್ತಿಗೆ ಬಡಿದುಕೊಂಡಿದ್ದಾರೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಪ್ರಾಸ ನನಗೆ ಬರುವುದಿಲ್ಲ.

ಅಗಲವಾಗಿದೆ. ಎದುರು ಬದುರು ಇಬ್ಬರು ಹುಲ್ಲಿನ ಹೊರೆ ಹೊತ್ತು ದಾಟಬಹುದು. ಹತ್ತುವಲ್ಲಿ ಒಂದು ಮೆಟ್ಟಿಲಿದೆ, ಗಿಡ್ಡದು, ನಿನ್ನ ನಕ್ಷೆಯಲ್ಲಿ ಇಲ್ಲದ್ದು. ಹಳೇ ಮರ, ಕೂತು ಕೂತು ನುಣುಪಾದದ್ದು. ನೋಡಿದ ತಕ್ಷಣ ಎಲ್ಲಿಯದೆಂದು ಗೊತ್ತಾಯಿತು. "ಇದ್ಯಾಕೆ?" ಅಂದೆ. "ತುಂಡು ಉಳಿದಿತ್ತು" ಅಂದರು. ಮೊಣಕಾಲಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಈಗ ಬೆಂಚಿನ ಪಕ್ಕ ನಿಂತೇ ಇರುತ್ತಾರೆ. ಮಾಂಬೆತ್ ದಿನಕ್ಕೊಂದು ಸಲ "ಇರೋ, ನಂಗೆ ಎಂಬತ್ತಮೂರಷ್ಟೇ" ಅನ್ನುತ್ತಾರೆ.

ಹಿರಿಯರಿಗೆ ಹೊಸ ತೊಂದರೆ ಶುರುವಾಗಿದೆ. ಯಾರು ಹೋದರು ಯಾರು ಬಂದರು ಕಾಣುವುದಿಲ್ಲ. ಹೆಜ್ಜೆ ಸಪ್ಪಳದಲ್ಲಿ ಗುರುತು ಹಿಡಿಯಲು ಕಲಿಯುತ್ತಿದ್ದಾರೆ.

ನಿನ್ನ ನಮೂನೆ ಮತ್ತೆ ತುಂಬಿ ಕಳಿಸಿದ್ದೇನೆ. ಹತ್ತಕ್ಕೆ ಒಂಬತ್ತು. ಒಂದು ಅಂಕ ನಿನ್ನ ಎರಡು ಬೆಂಚಿಗಾಗಿ ಕಳೆದಿದ್ದೇನೆ. ಮೊದಲ ಚೌಕ ಈಗಲೂ ಖಾಲಿ, ನಿನ್ನ ಗೆನ್ನಾದಿಯೇ ಬರೆದುಕೊಳ್ಳಲಿ.

ಮೊನ್ನೆ ಮೊದಲ ಸಲ ದಾಟಿದೆ. ಆಚೆ ಹೋದೆ, ಬಂದೆ. ಮತ್ತೆ ಹೋದೆ, ಬಂದೆ. ಮೂರನೆಯ ಸಲ ಬರುವಾಗ ಮಾವ ಹಿಂದಿರುಗಿ ನೋಡದೆ, ಬೆಟ್ಟದ ಕಡೆಗೇ ಮುಖ ಮಾಡಿ ಕೇಳಿದರು:

"ಏನಮ್ಮ ಸೊಸೆ, ಆಚೆ ಅಷ್ಟೇನು ಕೆಲ್ಸ?"

"ಏನೂ ಇಲ್ಲ ಮಾವ," ಅಂದೆ.

"ಹಂಗಾದ್ರೆ ಇನ್ನೊಂದ್ಸಲ ಹೋಗ್ಬಾ."

ಹೋಗಿ ಬಂದೆ.

ನಿನ್ನ ಅವ್ವ